ಬಣ್ಣ ಬಳಿಯದೆ ಬಿಟ್ಟ ಡಿಕ್ಕಿ

ನಮ್ಮ ಊರಿನಲ್ಲಿ ಯಾರಾದರೂ ಗಾಡಿ ಹತ್ತಿ ಹೊರಟರೆ ‘ಹೋಗಿ ಬಾ’ ಎನ್ನುವುದಿಲ್ಲ, ‘ತೊಳಕೊಂಡು ಬಾ’ ಎನ್ನುತ್ತೇವೆ. ಊರಿಗಿರುವುದು ಒಂದೇ ದಾರಿ, ಅದು ಕಣಿವೆಯ ದಾರಿ. ಕಣಿವೆಯ ಆಚೆ ಬುಡದಲ್ಲಿ ಒಂದು ಕಲ್ಲಿನ ತೊಟ್ಟಿ ಇದೆ. ಹೊರಗಿನಿಂದ ಬರುವ ಗಾಡಿ ಅಲ್ಲಿ ನಿಂತು, ಧೂಳು ಕೆಸರು ತೊಳೆದುಕೊಂಡು, ತನ್ನ ಮೈಬಣ್ಣ ತೋರಿಸಿಕೊಂಡು ಮೇಲೆ ಹತ್ತಬೇಕು. ಕಣಿವೆ ತಾನು ಮೊದಲ ಸಲ ನೋಡಿದ ಬಣ್ಣ ಮೈಮೇಲಿದ್ದರೆ ಮಾತ್ರ ಗಾಡಿಯನ್ನು ಊರೊಳಗೆ ಬಿಡುತ್ತದೆ. ಬಣ್ಣ ಬದಲಾಗಿದ್ದರೆ ಎಷ್ಟು ತಿರುವು ಹತ್ತಿದರೂ ಕೊನೆಗೆ ಎದುರಾಗುವುದು ಅದೇ ತೊಟ್ಟಿ. ಹೀಗಾಗಿ ಜ್ವರವಿರಲಿ, ಗಾಡಿಯಲ್ಲಿ ಬೀಗರಿರಲಿ, ತೊಳೆಯದೆ ಯಾರೂ ಹತ್ತುವುದಿಲ್ಲ. ಮದುಮಗನ ಕಾರಿಗೆ ಹೂವು ಕಟ್ಟುವುದೂ ಕಣಿವೆ ದಾಟಿದ ಮೇಲೆಯೇ. ಕಾಲ್ನಡಿಗೆಯವರಿಗೆ ಈ ಕಟ್ಟಳೆ ಇಲ್ಲ. ಮೈಬಣ್ಣ ನೋಡಿ ಮನುಷ್ಯರನ್ನು ತಡೆಯುವಷ್ಟು ಕೀಳು ಬುದ್ಧಿ ನಮ್ಮ ಕಣಿವೆಗಿಲ್ಲ. ಆದರೆ ನಡೆದು ಹತ್ತಲು ಅರ್ಧ ದಿನ ಬೇಕು, ಗಟ್ಟಿ ಮೊಳಕಾಲು ಬೇಕು.

ನನ್ನ ಹೆಸರು ಪರಸಪ್ಪ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಬ್ರಷ್ ಹಿಡಿದವನು. ಬೇರೆ ಊರಿನಲ್ಲಿ ಗಾಡಿಗೆ ಬಣ್ಣ ಹೊಡೆಯುವವನು ಹೊಸ ಬಣ್ಣ ಹೊಡೆದು ಹೆಸರು ಗಳಿಸುತ್ತಾನೆ. ನಮ್ಮಲ್ಲಿ ಹಾಗಲ್ಲ. ಗೀರು ಬಿದ್ದ ಜಾಗಕ್ಕೆ ಹಳೆಯ ಬಣ್ಣದಂತೆಯೇ ಕಲಸಿ, ಕಣಿವೆಗೆ ಗೊತ್ತಾಗದ ಹಾಗೆ ಮುಚ್ಚುವವನೇ ಜಾಣ. ಹೆಬ್ಬೆರಳಿನಷ್ಟು ಜಾಗವನ್ನು ಕಣಿವೆ ಮನ್ನಿಸುತ್ತದೆ. ಅದಕ್ಕಿಂತ ದೊಡ್ಡದಾದರೆ ಯಾವ ಕೈಚಳಕವೂ ನಡೆಯುವುದಿಲ್ಲ.

ನಂಬದವರು ಯಂಕಪ್ಪನನ್ನು ನೋಡಬೇಕು. ಅವನ ಲಾರಿ ಹಳದಿ ಇತ್ತು. ತಮ್ಮನ ಮದುವೆಗೆ ಚೆಂದ ಕಾಣಲಿ ಎಂದು ಹೊರಗಿನ ಯಾವನೋ ಪೇಂಟರ್ ಕೈಯಲ್ಲಿ ಇಡೀ ಲಾರಿಗೆ ನೀಲಿ ಹೊಡೆಸಿದ. ಅಲ್ಲಿಂದ ಬಂದವನು ತೊಟ್ಟಿಯ ಹತ್ತಿರ ನಿಂತದ್ದು, ಹನ್ನೊಂದು ವರ್ಷವಾಯಿತು, ಅಲ್ಲೇ ನಿಂತಿದ್ದಾನೆ. ಲಾರಿ ಬಿಟ್ಟು ಬಾ ಎಂದರೆ ಬರಲಿಲ್ಲ. ಅದರ ಪಕ್ಕದಲ್ಲೇ ತಗಡು ಹೊದಿಸಿ ಮಿರ್ಚಿ, ಚಹಾ ಮಾರುತ್ತಾನೆ. ಹೆಂಡತಿ ಸಕ್ರವ್ವ ಅಮಾವಾಸ್ಯೆಗೊಮ್ಮೆ ರೊಟ್ಟಿ ಗಂಟು ಹೊತ್ತು ಕಣಿವೆ ಇಳಿದು ಹೋಗಿ ಬರುತ್ತಾಳೆ. ಅವನಿಗಾಗಿ ನಾನೇ ಒಂಬತ್ತು ಥರದ ಹಳದಿ ಕಲಸಿ ಒಯ್ದು ಹೊಡೆದೆ. ಒಂಬತ್ತನ್ನೂ ಕಣಿವೆ ಒಪ್ಪಲಿಲ್ಲ. ಬಿಸಿಲಿನಲ್ಲಿ ಇಪ್ಪತ್ತು ವರ್ಷ ಮಾಗಿದ ಹಳದಿಯನ್ನು ನೆನಪಿನಿಂದ ಕಲಸುವುದು ಯಾರ ಕೈಯಲ್ಲೂ ಆಗುವ ಕೆಲಸವಲ್ಲ.

ನಮ್ಮಪ್ಪ ಬಿಟ್ಟುಹೋದದ್ದು ಒಂದು ಹೆರಾಲ್ಡ್ ಕಾರು. ಎರಡು ಬಾಗಿಲಿನದು, ನನಗಿಂತ ಎರಡು ವರ್ಷ ದೊಡ್ಡದು. ಬಣ್ಣ ಹಸಿರು. ರಾತ್ರಿ ನೆನೆಹಾಕಿದ ಹೆಸರುಕಾಳನ್ನು ಬೆಳಿಗ್ಗೆ ನೋಡಿದರೆ ಸಿಪ್ಪೆಗೆ ಒಂದು ಹಸಿರು ಇರುತ್ತದಲ್ಲ, ಅದು. ಸಾಯುವಾಗ ಅಪ್ಪ, ಗಾಡಿ ಇಬ್ಬರಿಗೂ ಸೇರಿದ್ದು ಎಂದ. ಇಬ್ಬರು ಎಂದರೆ ನಾನು ಮತ್ತು ನನ್ನ ಅಕ್ಕ ಹುಲಿಗೆವ್ವ. ಹೊಲವಾದರೆ ನಡುವೆ ಬದು ಹಾಕಬಹುದು. ಕಾರಿಗೆ ಎಲ್ಲಿ ಹಾಕುವುದು? ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯವರೆಗೆ ಅವಳ ಮನೆ ಮುಂದೆ, ಆಮೇಲೆ ನನ್ನ ಮನೆ ಮುಂದೆ ಎಂದು ಮಾಡಿಕೊಂಡೆವು. ಹತ್ತೊಂಬತ್ತು ವರ್ಷ, ಒಂದು ಅಮಾವಾಸ್ಯೆಯೂ ಜಗಳವಿಲ್ಲದೆ ದಾಟಲಿಲ್ಲ. ಅವಳಿಗೆ ಸೀಟಿನ ಕೆಳಗೆ ನನ್ನ ಬೀಡಿ ತುಂಡುಗಳು ಸಿಗುತ್ತಿದ್ದವು. ನನಗೆ ಅವಳ ಎಲೆ ಅಡಿಕೆಯ ಕಲೆಗಳು ಸಿಗುತ್ತಿದ್ದವು. ನಾವಿಬ್ಬರೂ ಒಂದೇ ಒಲೆಯ ಕೆಂಡ.

ಅಪ್ಪ ಗಾಡಿ ಕಲಿಸಿದ ರೀತಿಯನ್ನೂ ಹೇಳಬೇಕು. ಕಣದಲ್ಲಿ ಎರಡು ಬಣವೆಗಳ ನಡುವೆ ಗಾಡಿ ನಿಲ್ಲಿಸಿ, “ಮುಂದಕ್ಕ ಎಮ್ಮಿನೂ ಹೊಕ್ಕೈತಿ. ಹಿಂದಕ್ಕ ಬರೂದು ಕಲೀರಿ” ಎನ್ನುತ್ತಿದ್ದ. ರಿವರ್ಸ್ ಬಂದ ಮೇಲೆಯೇ ಮುಂದಿನ ಗೇರು. ಅಕ್ಕ ಒಂದು ವಾರದಲ್ಲಿ ಕಲಿತಳು. ನಾನು ಬಣವೆ ಕೆಡವಿ ಬೈಸಿಕೊಂಡೆ. ಇವತ್ತಿಗೂ ಅವಳು ಎಂಥ ಸಂದಿಯಲ್ಲೂ ಹಿಂದುಮುಂದಾಗಿ ಗಾಡಿ ನುಗ್ಗಿಸಿ ನಿಲ್ಲಿಸುತ್ತಾಳೆ. ಹೆರಾಲ್ಡಿನ ರಿವರ್ಸ್ ಗೇರು ಹಿಡಿದ ಹಂದಿಯ ಹಾಗೆ ಕಿರುಚುತ್ತದೆ. ಆ ಸದ್ದು ಕೇಳಿದರೆ ಹುಲಿಗೆವ್ವ ಬಂದಳೆಂದು ಊರಿಗೆ ತಿಳಿಯುತ್ತದೆ.

ಈ ಸಲದ ಅಮಾವಾಸ್ಯೆಗೆ ಅವಳು ಗಾಡಿ ತಂದು ನನ್ನ ಬೇವಿನ ಮರದ ಕೆಳಗೆ ನಿಲ್ಲಿಸಿ, ಕೀಲಿ ಕೊಡದೆ ನಿಂತಳು.

“ಪರಸ್ಯಾ, ಕೆಂಪು ಹೊಡಿ.”

“ಯಾವುದಕ್ಕ?”

“ಗಾಡಿಗೆ. ಮತ್ತ ನಿನ್ನ ಮೋತಿಗೇನು?”

ಅವಳಿಗೆ ಯಂಕಪ್ಪನ ಚಹಾದಂಗಡಿಯಲ್ಲಿ ಒಬ್ಬ ದಲ್ಲಾಳಿ ಸಿಕ್ಕಿದ್ದನಂತೆ. ಆಚೆಯ ಪೇಟೆಯಲ್ಲಿ ಧರಣೇಂದ್ರಪ್ಪ ಎಂಬ ಸಾಹುಕಾರ, ಹಳೆಯ ಕಾರುಗಳ ಹುಚ್ಚಿನವನು. ಕೆಂಪು ಹೆರಾಲ್ಡ್ ಎಂದರೆ ಕೇಳಿದಷ್ಟು ಕೊಡುತ್ತಾನೆ, ಈ ಮಂಕು ಹಸಿರನ್ನು ಯಾರೂ ಮೂಸುವುದಿಲ್ಲ ಎಂದು ಆ ದಲ್ಲಾಳಿ ಹೇಳಿದ್ದ.

“ತಲಿ ಕೆಟ್ಟೈತೇನು? ಕೆಂಪು ಹೊಡದ್ರ ಅದು ತಿರುಗಿ ಊರಿಗೆ ಬರತೈತೇನು?”

“ಬರೂದಿದ್ರ ಚಿಂತಿ. ಮಾರಾಕ ಹೊಂಟೀನಿ. ನಿನ್ನ ಅರ್ಧ ನಿಂಗ, ನನ್ನ ಅರ್ಧ ನಂಗ. ನಾ ನಡಕೊಂಡ ಬರ್ತೀನಿ.”

“ಆ ಮೊಳಕಾಲು ಇಟ್ಕೊಂಡು?”

“ತೆವಳಕೋತ ಬರ್ತೀನಿ. ಹತ್ತೊಂಬತ್ತು ವರ್ಷ ನಿನ್ನ ಬೀಡಿ ವಾಸನಿ ಕುಡದೀನಿ. ಸಾಕು.”

‘ಅಪ್ಪನ ಗಾಡಿ ಮಾರಬ್ಯಾಡಬೇ ಅಕ್ಕಾ’ ಎಂದು ಆಗ ಒಂದು ಮಾತು ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸಿಟ್ಟು ಬಂದರೆ ನನ್ನ ಬಾಯಿಗೆ ಬೇಕಾದ ಮಾತು ಬರುವುದಿಲ್ಲ, ಬೇಡದ್ದೇ ಬರುತ್ತದೆ. “ಹೊಡಿತೀನಿ. ಸುಡಗಾಡಿಗೆ ಬೇಕಾದ್ರೂ ಒಯ್ಯಿ” ಎಂದೆ.

ಎರಡು ದಿನ ಮುಂದಿನಿಂದ ಉಜ್ಜುಕಾಗದ ಹಿಡಿದು ತಿಕ್ಕಿದೆ. ಹಸಿರು ಪುಡಿಯಾಗಿ ಬೇವಿನ ಬುಡಕ್ಕೆಲ್ಲ ಉದುರಿತು. ಮೈಮೇಲೆ ಕೆಂಪು ಹೊಡೆದೆ. ಮಾನವಿರುವ ಪೇಂಟರ್ ಬಾಗಿಲು ತೆಗೆದು, ರಬ್ಬರು ಕಿತ್ತು, ಬಾನೆಟ್ಟಿನ ಒಳಗೂ ಹೊಡೆಯುತ್ತಾನೆ. ನಾನು ಕಣ್ಣಿಗೆ ಕಾಣುವಷ್ಟೇ ಹೊಡೆದೆ. ಒಳಗೆಲ್ಲ ಹಸಿರು ಹಾಗೆಯೇ ಉಳಿಯಿತು. ಬೇಕೆಂದೇ ಬಿಟ್ಟೆನೋ, ಕೈಯೇ ಬರಲಿಲ್ಲವೋ, ಈಗ ಹೇಳಲಾರೆ. ಮೂರನೆಯ ದಿನ ಸಂಜೆಯ ಹೊತ್ತಿಗೆ ತಿಕ್ಕದೆ, ಹೊಡೆಯದೆ ಹಿಂಭಾಗ ಒಂದು ಉಳಿದಿತ್ತು. ಡಿಕ್ಕಿಯ ಬಾಗಿಲು, ಅದರ ಅಕ್ಕಪಕ್ಕ. ಅಷ್ಟರಲ್ಲಿ ಅಕ್ಕ ಬಂದಳು. ಸುತ್ತಲೂ ನೋಡಿದಳು.

“ಬಾಗಿಲ ಮ್ಯಾಲ ಬಣ್ಣ ಸೋರೈತಿ. ಅಪ್ಪ ಇದ್ದಿದ್ರ ನಿನ್ನ ಕೈ ಮುರೀತಿದ್ದ.”

“ಅಪ್ಪ ಇದ್ದಿದ್ರ ಮೊದಲ ನಿನ್ನ ಕಾಲು ಮುರೀತಿದ್ದ!”

ಬ್ರಷ್ಷನ್ನು ಸೀಮೆಎಣ್ಣೆ ಡಬ್ಬಿಗೆ ಎಸೆದೆ. “ಉಳದದ್ದು ನೀನ ಹೊಡಕೋ” ಎಂದು ಒಳಗೆ ಹೋಗಿ ಮಲಗಿದೆ. ಇನ್ನೊಬ್ಬಳಾಗಿದ್ದರೆ ಡಿಕ್ಕಿ ಒಂದು ಮುಗಿಸಿಕೊಡು ಎನ್ನುತ್ತಿದ್ದಳು. ಹುಲಿಗೆವ್ವ ಎರಡನೆಯ ಸಲ ಕೇಳುವವಳಲ್ಲ. ಮರುದಿನ ಬೆಳಿಗ್ಗೆ ಮುಂದೆ ಕೆಂಪು, ಹಿಂದೆ ಹಸಿರು ಗಾಡಿ ಹತ್ತಿಕೊಂಡು ಹೊರಟೇಬಿಟ್ಟಳು. ನಾನು ಹೊಸ್ತಿಲು ದಾಟಲಿಲ್ಲ.

“ತೊಳಕೊಂಡು ಬಾ ಅಂತ ಒಂದು ಮಾತರ ಅನಬಾರದಾ?” ಎಂದಳು ನನ್ನ ಹೆಂಡತಿ ನೀಲಗಂಗವ್ವ.

“ಬರೂದ ಇಲ್ಲದ ಗಾಡಿಗೆ ಏನಂತ ಅನ್ಲಿ?”

ಅವತ್ತು ಅಕ್ಕ ಬರಲಿಲ್ಲ. ನಡೆದು ಬರಬೇಕಲ್ಲ, ನಾಳೆ ಬರುತ್ತಾಳೆ ಎಂದುಕೊಂಡೆ. ಮರುದಿನ ಎದ್ದು ಅಂಗಳಕ್ಕೆ ಬಂದರೆ, ನೀಲಗಂಗವ್ವ ಬೇವಿನ ಬುಡ ಗುಡಿಸುತ್ತಿದ್ದಳು. ಗಾಡಿ ನಿಂತ ಜಾಗದ ಸುತ್ತ ಹಸಿರು ಪುಡಿ ಇನ್ನೂ ಬಿದ್ದಿತ್ತು. ಅದನ್ನು ಕಸದ ಜತೆ ಮೊರಕ್ಕೆ ತುಂಬುತ್ತಿದ್ದಳು. “ಏ, ಬಿಡ ಅದನ್ನ!” ಎಂದು ಕೂಗಿದೆ. ಅವಳು ಪೊರಕೆ ಹಿಡಿದು ನನ್ನ ಮುಖ ನೋಡಿದಳು. ನಾನು ಕೂತು ಎರಡೂ ಕೈಯಿಂದ ಆ ಪುಡಿಯನ್ನು ಒಟ್ಟುಮಾಡತೊಡಗಿದೆ. ನನ್ನಂಥ ಐವತ್ತು ದಾಟಿದ ಗಂಡಸು ಕಸ ಆರಿಸುತ್ತ ಅಳುವುದನ್ನು ಓಣಿಯ ಜನ ನೋಡಿದರು. ನೋಡಲಿ.

ಸಿಟ್ಟು ಇಳಿದ ತಲೆಯಲ್ಲಿ ಲೋಕ ಬೇರೆಯೇ ಕಾಣುತ್ತದೆ. ಗಾಡಿ ಮಾರಾಟವಾಗಿದ್ದರೆ ಅಕ್ಕ ಆ ಮೊಳಕಾಲಿನಲ್ಲಿ ಕಣಿವೆಯಲ್ಲೆಲ್ಲೋ ಕುಳಿತಿರುತ್ತಾಳೆ. ಮಾರಾಟವಾಗದಿದ್ದರೆ ಇನ್ನೂ ಕೆಟ್ಟದ್ದು. ಹುಲಿಗೆವ್ವ ಅಪ್ಪನ ಗಾಡಿಯನ್ನು ತೊಟ್ಟಿಯ ಹತ್ತಿರ ಅನಾಥವಾಗಿ ಬಿಟ್ಟು ಬರುವವಳಲ್ಲ. ಯಂಕಪ್ಪನ ಪಕ್ಕ ಇನ್ನೊಂದು ತಗಡು ಹಾಕಿ ಕೂರುತ್ತಾಳೆ. ನಾನು ಅಮಾವಾಸ್ಯೆಗೊಮ್ಮೆ ರೊಟ್ಟಿ ಹೊತ್ತು ಹೋಗಬೇಕಾಗುತ್ತದೆ, ಅವಳು ಆ ರೊಟ್ಟಿಗೂ ಹೆಸರಿಡುತ್ತಾಳೆ. ನಾಲ್ಕು ಡಬ್ಬಿ ಬಣ್ಣ, ಎರಡು ಬ್ರಷ್ ಚೀಲಕ್ಕೆ ತುಂಬಿಕೊಂಡೆ. ಡಿಕ್ಕಿಯ ಹಸಿರನ್ನು ನೋಡಿಕೊಂಡು ಅಲ್ಲೇ ಕಲಸುವುದು ಎಂದು ಲೆಕ್ಕ ಹಾಕಿದೆ. ಒಂಬತ್ತು ಹಳದಿಗೆ ಸೋತ ಕೈ ಇದು ಎಂಬುದೂ ನೆನಪಿತ್ತು. ಆದರೂ ಹೊರಟೆ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಗೂಬೆಗಲ್ಲಿನ ತನಕ ಇಳಿದಿದ್ದೆ. ಅದು ಕಣಿವೆಯ ನಡುವಿನ ದೊಡ್ಡ ಬಂಡೆ. ಕಣಿವೆ ಒಪ್ಪದ ಗಾಡಿಗೆ ಅದು ಕಾಣಿಸುವುದೇ ಇಲ್ಲ. ಬಂಡೆಯ ನೆರಳಿಗೆ ಚೀಲ ಇಳಿಸಿ ನೀರು ಕುಡಿಯುತ್ತಿದ್ದೆ. ಕೆಳಗಿನ ತಿರುವಿನಿಂದ ಹಂದಿ ಹಿಡಿದ ಹಾಗೆ ಕಿರುಚುವ ಸದ್ದು ಕೇಳಿತು.

ನೀರು ನೆತ್ತಿಗೆ ಹತ್ತಿತು. ಕೆಮ್ಮುತ್ತ ರಸ್ತೆಯ ನಡುವೆ ಹೋಗಿ ನಿಂತೆ. ತಿರುವಿನಲ್ಲಿ ಮೊದಲು ಕಂಡದ್ದು ಹಸಿರು. ನೆನೆಸಿದ ಹೆಸರುಕಾಳಿನ ಹಸಿರು. ತೊಳೆದು ಹೊಳೆಯುತ್ತಿದ್ದ ಡಿಕ್ಕಿಯನ್ನು ಮೂತಿಯಂತೆ ಮುಂದೆ ಮಾಡಿಕೊಂಡು ಹೆರಾಲ್ಡ್ ಹಿಂದುಮುಂದಾಗಿ ಏರು ಹತ್ತುತ್ತಿತ್ತು. ಕಿಟಕಿಯಿಂದ ಅಕ್ಕನ ತಲೆ ಹೊರಗಿತ್ತು, ಸೆರಗು ಸೊಂಟಕ್ಕೆ ಬಿಗಿದಿತ್ತು.

“ದಾರಿ ಬಿಡೋ ಗೂಳಿ! ನಿಲ್ಲಿಸಿದ್ರ ಮತ್ತ ಏರಂಗಿಲ್ಲ ಇದು!”

ನಾನು ಓಡುತ್ತಲೇ ಬಾಗಿಲು ತೆಗೆದು, ಚೀಲ ಎಸೆದು, ಒಳಗೆ ಬಿದ್ದೆ. ನನಗೆ ಮಾತಾಡಲು ಉಸಿರಿರಲಿಲ್ಲ, ಅವಳಿಗೆ ಕತ್ತು ತಿರುಗಿಸಲು ಪುರುಸೊತ್ತಿರಲಿಲ್ಲ. ಅವಳು ಹಿಂದೆ ನೋಡುತ್ತ ಊರ ಕಡೆಗೆ ಓಡಿಸುತ್ತಿದ್ದಳು. ನಾನು ಮುಂದೆ ನೋಡುತ್ತ ಕೂತಿದ್ದೆ, ಗೂಬೆಗಲ್ಲು ನನ್ನಿಂದ ದೂರ ದೂರ ಹೋಗುತ್ತಿತ್ತು. ಮನೆಗೆ ಬರುವಾಗ ದಾರಿ ಹೀಗೆ ಹಿಂದೆ ಸರಿಯುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಮಾರಲಿಲ್ಲೇನು?” ಎಂದೆ ಕೊನೆಗೆ.

“ಆ ದಲ್ಲಾಳಿ ಬಾಯಾಗ ಮಣ್ಣು ಬೀಳ್ಲಿ. ಸಾಹುಕಾರ ಒಳ್ಳೆಯವ. ಚಹಾ ಕೊಟ್ಟ, ಕುರ್ಚಿ ಹಾಕಿಸಿದ. ಹದಿನೆಂಟು ಗಾಡಿ ಅದಾವ ಅವನ ಹತ್ರ, ಎಲ್ಲಾ ಹುಟ್ಟಿದ ಬಣ್ಣದಾಗ. ಬಂದಕೂಡ್ಲೆ ಬಾಗಿಲು ತಗದು, ರಬ್ಬರು ಎಳದು, ಉಗುರಿನಿಂದ ಕೆರದು ನೋಡಿದ. ಹಸಿರು. ಬಾನೆಟ್ಟು ಎತ್ತಿದ. ಹಸಿರು. ‘ತಾಯಿ, ಗಾಡಿ ಪುಸ್ತಕದಾಗ ಹಸಿರು, ಒಳಗ ಹಸಿರು, ಮೈಮ್ಯಾಲ ಮಾತ್ರ ಕೆಂಪು. ಇದನ್ನ ಹಂಗ ತಂದಿದ್ರ ನೀ ಕೇಳಿದ್ದಕ್ಕಿಂತ ಮ್ಯಾಲ ಕೊಡ್ತಿದ್ದೆ. ಬಣ್ಣ ಬದಲಾದ ಗಾಡಿ ನನಗ ಅರ್ಧ ಬೆಲಿ. ಇದನ್ನ ತಿರುಗಿ ಹಸಿರು ಮಾಡಾಕ ಉಳದರ್ಧ ಹೊಕ್ಕೈತಿ’ ಅಂದ.”

“ಮತ್ತ ಡಿಕ್ಕಿ?”

“ಅದರ ಮ್ಯಾಲ ಕೈ ಆಡಿಸಿ ನಿಟ್ಟುಸಿರು ಬಿಟ್ಟ. ‘ಬಣ್ಣ ಹೊಡದವರು ಯಾರು?’ ಅಂದ. ನನ್ನ ತಮ್ಮ ಅಂದೆ. ‘ಸಿಟ್ಟಿನ ಮನಷ್ಯಾ ಏನು?’ ಅಂದ.”

“ನೀ ಏನಂದಿ?”

“ಇಲ್ರಿ, ಸೋಮಾರಿ ಅಂದೆ.”

ಅರ್ಧ ಬೆಲೆಗೆ ಕೊಡಲು ಅವಳಿಗೆ ಮನಸ್ಸಾಗಲಿಲ್ಲ. ತಿರುಗಿ ತೊಟ್ಟಿಗೆ ಬಂದು, ಚೆನ್ನಾಗಿ ತೊಳೆದು, ಏನಾದರಾಗಲಿ ಎಂದು ಹತ್ತಿಸಿದಳು. ನಾಲ್ಕು ಸಲ ಹತ್ತಿದಳು, ನಾಲ್ಕು ಸಲವೂ ಎದುರಿಗೆ ಬಂದದ್ದು ತೊಟ್ಟಿಯೇ. ಯಂಕಪ್ಪ ಅಂಗಡಿಯೊಳಗೆ ಬೆಂಚು ಒರೆಸಿ ಹಾಸಿಕೊಟ್ಟು, “ಯಕ್ಕಾ, ಮೊದಲ ವರ್ಷ ಭಾಳ ಕಷ್ಟ ಅನಸ್ತೈತಿ, ಆಮ್ಯಾಲ ರೂಢಿ ಆಗತೈತಿ” ಎಂದನಂತೆ. ಅದನ್ನು ಕೇಳಿ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆ ಎದ್ದು, ಗಾಡಿಯನ್ನು ನೆರಳಿಗಾದರೂ ನಿಲ್ಲಿಸೋಣ ಎಂದು ಅವನ ತಗಡಿನ ಕಡೆಗೆ ಹಿಂದಕ್ಕೆ ತೆಗೆದಳು. ಅಂಗಡಿ ಇರುವುದು ಏರಿನ ಮೊದಲ ತಿರುವಿನಲ್ಲಿ. ಅಪ್ಪ ಕಲಿಸಿದ ಹಾಗೆ ಅವಳು ಯಾವಾಗಲೂ ಗಾಡಿ ನಿಲ್ಲಿಸುವುದು ರಿವರ್ಸಿನಲ್ಲೇ. ಸಿಟ್ಟಿನಲ್ಲಿ ಒಂದು ಹೆಜ್ಜೆ ಜಾಸ್ತಿ ಒತ್ತಿದಳು. ಅಂಗಡಿ ದಾಟಿತು. ಹಿಂದೆ ನೋಡಿದರೆ ಸೊಟ್ಟ ಹುಣಸೆಮರ. ಊರಿಗೆ ಬರುವ ನಿಜವಾದ ದಾರಿಯಲ್ಲಿ ಮಾತ್ರ ಕಾಣುವ ಮರ ಅದು.

“ಯಂಕಪ್ಪ ಮಿರ್ಚಿ ಕರಿಯೂ ಜಾರಿ ಹಿಡಕೊಂಡು ರಸ್ತೆದಾಗ ಬಾಯಿ ತಕ್ಕೊಂಡು ನಿಂತಿದ್ದ” ಎಂದಳು ಅಕ್ಕ. “ನಾ ನಿಲ್ಲಸಲಿಲ್ಲ. ಕಣಿವಿ ಮನಸ್ಸು ಬದಲಾಯಿಸಿದ್ರ ಏನ ಮಾಡ್ಲಿ? ಹತ್ತತಾ ಬಂದುಬಿಟ್ಟೆ.”

ಇಷ್ಟು ವರ್ಷ ಕಣಿವೆ ಇಡೀ ಗಾಡಿಯನ್ನು ಸುತ್ತಿ ನೋಡುತ್ತದೆ ಎಂದೇ ನಾವು ತಿಳಿದಿದ್ದೆವು. ಅದು ನೋಡುತ್ತಿದ್ದದ್ದು ಎದುರಿಗೆ ಬಂದ ಭಾಗವನ್ನು ಮಾತ್ರ. ಪೂರಾ ಬಣ್ಣ ಬದಲಿಸಿದವರು ಇದ್ದರು, ಏನೂ ಬದಲಿಸದವರು ಇದ್ದರು. ಸಿಟ್ಟು ಮಾಡಿಕೊಂಡು ಕೆಲಸ ಅರ್ಧಕ್ಕೆ ಬಿಟ್ಟ ಪೇಂಟರ್ ಊರಿಗೆ ನಾನೊಬ್ಬನೇ.

“ಹಂಗಾದ್ರ ಈಗ ಇದರ ಬೆಲಿ ಏನು?” ಎಂದೆ.

“ಹೊರಗ ಅರ್ಧ. ಊರಾಗ ಇಂಥಾ ಎರಡು ಮೂತಿ ಗಾಡಿ ಯಾರು ತೊಗೋತಾರ? ಕವಡಿ ಬೆಲಿ.”

“ಅಂದ್ರ ಮಾರಾಕ ಬರಂಗಿಲ್ಲ.”

“ಬರಂಗಿಲ್ಲ.”

ಅಮಾವಾಸ್ಯೆಯಿಂದ ನನ್ನ ಎದೆಯ ಮೇಲೆ ಕೂತಿದ್ದ ಬೀಸುಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ಕತ್ತು ಮಾತ್ರ ಕಾಣುತ್ತಿತ್ತು. ಆ ಕತ್ತೂ ಸಡಿಲಾಯಿತು.

“ನೋಯತೈತೇನು ಕತ್ತು?”

“ನೋಯದ ಇರತೈತೇನು? ನೀ ಓಡಸ್ತೀಯೇನು ರಿವರ್ಸು? ಬಣವಿ ಇಲ್ಲ ಇಲ್ಲಿ, ಕಮರಿ ಐತಿ.”

ನಾನು ನಕ್ಕೆ. ಅವಳೂ ನಕ್ಕಳು, ಗಾಡಿ ಒಂಚೂರು ಕಮರಿಯ ಕಡೆ ಸರಿದು ತಿರುಗಿ ದಾರಿಗೆ ಬಂದಿತು. “ಚೀಲದಾಗ ಹಸಿರು ತಂದೀನಿ” ಎಂದೆ. “ಡಿಕ್ಕಿ ನೋಡಿಕೋತ ಮುಂದಿಂದನ್ನೂ ಹಸಿರು ಮಾಡ್ತೀನಿ.”

“ಮುಟ್ಟಬ್ಯಾಡ! ಇನ್ನೊಂದು ಸಲ ನಿನ್ನ ಕೈಯಾಗ ಬ್ರಷ್ ಕಂಡ್ರ ಕಣ್ಣಿಗೆ ಚುಚ್ಚತೀನಿ. ಹೋಗೂವಾಗ ಕೆಂಪು, ಬರೂವಾಗ ಹಸಿರು. ನಡೀತೈತಿ ನಂಗ.” ಆಮೇಲೆ ಹೇಳಿದಳು, “ಬೀಡಿ ಮಾತ್ರ ಸೇದಬ್ಯಾಡ.”

“ಈ ತಿಂಗಳು ನಂದು.”

“ನಿಂದು ಅಂತ ಯಾಂವ ಹೇಳಿದ? ಕೀಲಿ ನಾ ಕೊಟ್ಟೇನೇನು?”

ಊರು ಬರುವ ತನಕ ಅದೇ ಜಗಳ. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಸುಖವಾಗಿ ಜಗಳವಾಡಿದ್ದು ನೆನಪಿಲ್ಲ.

ರಿವರ್ಸ್ ಗೇರಿನ ಕಿರುಚಾಟ ಕೇಳಿ ಅಗಸೆ ಬಾಗಿಲಲ್ಲಿ ಜನ ಸೇರಿತ್ತು. ಕೆಂಪು ಗಾಡಿ ತಿರುಗಿ ಬಂದಿದೆ ಎಂದರೆ ಯಾರು ನಂಬುತ್ತಾರೆ? ಮುಟ್ಟಿ ನೋಡಿದರು, ಸುತ್ತಿದರು, ನನ್ನನ್ನು ಬೈದರು, ಅಕ್ಕನಿಗೆ ಮಜ್ಜಿಗೆ ಕೊಟ್ಟರು. ಅಕ್ಕ ಗಾಡಿಯಿಂದ ಇಳಿಯದೆಯೇ ನಡೆದದ್ದನ್ನೆಲ್ಲ ಹೇಳಿದಳು, ತಾನು ಎಲ್ಲವನ್ನೂ ಮೊದಲೇ ಯೋಚಿಸಿ ಮಾಡಿದ ಹಾಗೆ. ಜನದ ಹಿಂದೆ ಯಂಕಪ್ಪನ ಹೆಂಡತಿ ಸಕ್ರವ್ವ ನಿಂತಿದ್ದಳು. ಮುಂದೆ ಬಂದು ಹಸಿರು ಡಿಕ್ಕಿಯನ್ನು ಒಂದು ಸಲ, ಕೆಂಪು ಬಾನೆಟ್ಟನ್ನು ಒಂದು ಸಲ ನೋಡಿದಳು. ತಿರುಗಿ ಮನೆಯ ಕಡೆಗೆ ನಡೆದಳು. ನಡೆದಳು ಎಂದರೆ ತಪ್ಪು, ಓಡಿದಳು.

ನಮ್ಮ ಮಜ್ಜಿಗೆ ಮುಗಿಯುವುದರೊಳಗೆ ಅವಳು ಬಂದಳು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಒಂದು ಆಳುದ್ದದ ಅಗಲವಾದ ಹಲಗೆ. ಅವಳ ಹಿಂದೆ ಕಟ್ಟು ಬಿಚ್ಚಿಕೊಂಡ ಎಮ್ಮೆಯೂ ಬರುತ್ತಿತ್ತು. ಹಲಗೆಯನ್ನು ನನ್ನ ಕಾಲ ಬಳಿ ಇಳಿಸಿದಳು. ಸೆಗಣಿ, ಗಂಜಲ ಹತ್ತಿ ಹತ್ತಿ ಕರ್ರಗಾಗಿತ್ತು.

“ಲಾರಿದು ಹಿಂದಿನ ಹಲಗಿ ಪರಸಣ್ಣ. ನೀಲಿ ಹೊಡಸೂ ಮೊದಲ ಮುರದಿತ್ತಂತ ಬಿಚ್ಚಿ ಬೇರೆ ಹಾಕಿಸಿದ್ರು. ಎಮ್ಮಿ ಮೇಯೂ ಗ್ವಾದಲಿಗೆ ಅಡ್ಡ ಇಟ್ಟು ಮರತಬಿಟ್ಟಿದ್ದೆ. ನೋಡು.”

ನಾನು ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ಕೆರೆದೆ. ಕರಿ ಸಿಪ್ಪೆ ಎದ್ದಿತು. ಅದರ ಕೆಳಗೆ ಮಾಗಿದ ನಿಂಬೆಹಣ್ಣಿನ ಹಳದಿ. ಹನ್ನೊಂದು ವರ್ಷ ನಾನು ತಲೆಯೊಳಗೆ ಹುಡುಕಿದ ಹಳದಿ ಒಂದು ಎಮ್ಮೆಯ ಗಂಟಲ ಕೆಳಗಿತ್ತು. ಅಕ್ಕ ಗಾಡಿಯಿಂದ ಇಳಿದು ಬಂದಳು.

“ಇದನ್ನ ತಿರುಗಿ ಲಾರಿ ಹಿಂದ ಕಟ್ಟೂ ಮೊದಲ ಒಂದು ಕೈ ಬಣ್ಣ ಹೊಡೀಬೇಕೇನು?” ಎಂದಳು ಸಕ್ರವ್ವ. ಆಗಲೇ ಸೆರಗಿನಿಂದ ಹಲಗೆಯ ಅಂಚು ಒರೆಸತೊಡಗಿದ್ದಳು.

ಕೈಯಲ್ಲಿದ್ದ ಚೀಲವನ್ನು ಪಕ್ಕಕ್ಕೆ ತಳ್ಳಿದೆ. “ಬ್ಯಾಡವ್ವಾ” ಎಂದೆ. “ತೊಳೀರಿ ಸಾಕು.”